ದಿಬ್ಬದ ಸಣ್ಣಿಯ ಸರದಿ

ಹೊನ್ನಾವರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ದಿವಾಕರನಿಗೆ ಹುಡುಗರು ಇಟ್ಟ ಅಡ್ಡಹೆಸರು ‘ಅದೇ ಕೆಲಸ ಸರ್’. ಅದಕ್ಕೆ ಕಾರಣ ಅವನ ಒಂದು ಪಾಠ. ಪ್ರತಿ ವರ್ಷ ರಿಕರ್ಶನ್, ಅಂದರೆ ದೊಡ್ಡ ಕೆಲಸವನ್ನು ಅದೇ ಬಗೆಯ ಸಣ್ಣ ಕೆಲಸಗಳಾಗಿ ಒಡೆಯುವ ರೀತಿ, ಕಲಿಸುವ ದಿನ ಅವನು ಬೋರ್ಡಿನ ಕಡೆ ತಿರುಗುವುದೇ ಇಲ್ಲ. ಉತ್ತರಪತ್ರಿಕೆಗಳ ಒಂದು ಕಟ್ಟು ತಂದು, ನಡುವಿನ ಬೆಂಚಿನಲ್ಲಿ ಕೂತವರಲ್ಲಿ ಯಾರನ್ನಾದರೂ ಎಬ್ಬಿಸಿ ಕೈಗೆ ಕೊಡುತ್ತಾನೆ.

“ಮೇಲಿನ ಪೇಪರು ನೀನು ಇಟ್ಕೋ. ಅದಕ್ಕಿಂತ ಸಣ್ಣ ರೋಲ್ ನಂಬರಿಂದೆಲ್ಲ ಎಡಗಡೆಯವನಿಗೆ ಕೊಡು, ದೊಡ್ಡದೆಲ್ಲ ಬಲಗಡೆಯವಳಿಗೆ ಕೊಡು. ಅವರು ಎಂತ ಮಾಡ್ಬೇಕು?”

“ಅದೇ ಕೆಲಸ, ಸರ್!” ಎಂದು ಇಡೀ ತರಗತಿ ಕೂಗುತ್ತದೆ.

ಪಡೆದವರು ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಸಣ್ಣದು ದೊಡ್ಡದು ಎಂದು ಒಡೆದು ಮತ್ತಿಬ್ಬರಿಗೆ ದಾಟಿಸುತ್ತಾರೆ. ಕಟ್ಟು ಕರಗುತ್ತ ಕರಗುತ್ತ ಕೊನೆಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದೇ ಹಾಳೆ ಉಳಿಯುತ್ತದೆ. ಆಮೇಲೆ ಯಾರಿಂದ ಪಡೆದರೋ ಅವರಿಗೇ ತಿರುಗಿ ಕೊಡುತ್ತ ಬಂದರೆ, ಚೆಲ್ಲಾಪಿಲ್ಲಿಯಾಗಿದ್ದ ಕಟ್ಟು ಅಚ್ಚುಕಟ್ಟಾಗಿ ಕ್ರಮದಲ್ಲಿ ಮೊದಲಿನವನ ಕೈ ಸೇರುತ್ತದೆ. ಯಾರೂ ಇಡೀ ಕಟ್ಟನ್ನು ಜೋಡಿಸಲಿಲ್ಲ, ಎಲ್ಲರೂ ಮಾಡಿದ್ದು ಒಂದೇ ಸಣ್ಣ ಕೆಲಸ. ಆ ಗಳಿಗೆಯಲ್ಲಿ ಹುಡುಗರ ಮುಖದಲ್ಲಿ ಮೂಡುವ ಬೆರಗನ್ನು ನೋಡುವುದಕ್ಕಾಗಿಯೇ ದಿವಾಕರ ಮೇಷ್ಟ್ರಾಗಿದ್ದ ಎಂದರೂ ತಪ್ಪಿಲ್ಲ.

ಅವನ ಊರು ಪಕ್ಕದ ಕರ್ಕಿ. ಅಪ್ಪ ಅಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಹಬ್ಬದ ಮುಂಚೆ ರಾಶಿ ಬಿದ್ದ ಬಟ್ಟೆಗಳಲ್ಲಿ ಯಾರದ್ದು ಯಾವುದು ಎಂದು ವಿಂಗಡಿಸಿ ಇಡುವುದು ಮಗನ ಪಾಲಿನ ಕೆಲಸವಾಗಿತ್ತು. ಹೀಗಾಗಿ ಜೋಡಿಸಿ ಇಡುವುದೆಂದರೆ ಅವನಿಗೆ ಚಿಕ್ಕಂದಿನಿಂದಲೂ ಒಂದು ಹಿಗ್ಗು. ಹೊನ್ನಾವರದ ಟೈಪಿಂಗ್ ಶಾಲೆಗೆ ಕಂಪ್ಯೂಟರು ಬಂದ ಕಾಲಕ್ಕೆ ಅದರ ಮುಂದೆ ಕೂತವನು ಮತ್ತೆ ಏಳಲಿಲ್ಲ. ಧಾರವಾಡದಲ್ಲಿ ಓದಿ ಬಂದು, ಇಲ್ಲೇ ಕೆಲಸ ಹಿಡಿದು, ಕರ್ಕಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ ಹೇಮಾಳನ್ನು ಮದುವೆಯಾಗಿ, ಈಗ ತಲೆಯ ಎರಡೂ ಕಡೆ ಕೂದಲು ಬೆಳ್ಳಗಾಗಿದ್ದವು. ಯಾರ ತಂಟೆಗೂ ಹೋಗದವನು, ಕರೆದರೆ ಇಲ್ಲ ಎನ್ನದವನು ಎಂದು ಊರಲ್ಲಿ ಹೆಸರಿತ್ತು.

ಕರೆದರೆ ಇಲ್ಲ ಎನ್ನದವನೆಂದೇ ಕುಮಟೆಯ ಲೋಕೇಶ ಅವನಿಗೆ ಫೋನು ಮಾಡಿದ್ದು. ಲೋಕೇಶನದು ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ. ಊರಿನ ಸೇವಾ ಸಂಘವೊಂದಕ್ಕೆ ಅವನೇ ಕಾರ್ಯದರ್ಶಿ. ಹೋಳಿ ಮುಗಿದ ಮೇಲೆ ಸಂಘದವರು ಭಟ್ಕಳ, ಹೊನ್ನಾವರ, ಕುಮಟಾ ಮೂರೂ ತಾಲೂಕಿನ ಹಳ್ಳಿಗಳಲ್ಲಿ ಕಣ್ಣಿನ ತಪಾಸಣೆ ನಡೆಸಿದ್ದರು. ಪೊರೆ ಬಂದು ಆಪರೇಶನ್ ಬೇಕಾದವರ ಹೆಸರು ನೂರಾರು ಆಗಿದ್ದವು. ಬರೆದುಕೊಂಡವರು ಬೇರೆ ಬೇರೆ ಜನ, ಟೈಪು ಮಾಡಿದವರು ಬೇರೆ. ಎಲ್ಲ ಗೋಜಲು.

“ಸರ್, ಊರು ಊರಿನ ಪ್ರಕಾರ, ಆ ಊರೊಳಗೆ ಹೆಸರಿನ ಪ್ರಕಾರ ಹಚ್ಚಿ ಕೊಡ್ಬೇಕಾಗಿತ್ತು. ಜೀಪು ಊರಿಂದ ಊರಿಗೆ ಹೋಗಿ ಜನ್ರನ್ನ ಕರ್ಕೊಂಡು ಬರೂದು. ಹೆಸರು ಹುಡುಕೂಕೆ ಕಷ್ಟ ಆಗ್ತದೆ.”

“ಅದೆಂತ ದೊಡ್ಡ ಕೆಲಸ ಮಾರಾಯಾ. ಕಳ್ಸು” ಎಂದ ದಿವಾಕರ.

ದೊಡ್ಡ ಕೆಲಸವಾಗಿರಲಿಲ್ಲ ನಿಜ. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಹೆಸರುಗಳನ್ನು ಕ್ರಮಕ್ಕೆ ತರಲು ಒಂದು ಸಿದ್ಧ ಆಜ್ಞೆಯೇ ಇದೆ. ಸಾವಿರಾರು ಜನ ಬಳಸಿ ಪಳಗಿಸಿದ ಆಜ್ಞೆ, ಒಂದು ಶಬ್ದ ಬರೆದರೆ ಮುಗಿಯಿತು. ಆದರೆ ದಿವಾಕರನಿಗೆ ಅದು ಸಪ್ಪೆಯೆನಿಸಿತು. ತಾನು ವರ್ಷವಿಡೀ ಕಲಿಸುವ ಪಾಠ ಊರ ಜನರ ಕಣ್ಣಿನ ಕೆಲಸಕ್ಕೆ ಬರುವುದಾದರೆ ಅದಕ್ಕಿಂತ ಇನ್ನೇನು ಬೇಕು? ಮರುದಿನ ಲ್ಯಾಬಿನಲ್ಲಿ ದೊಡ್ಡ ಪರದೆಯ ಮೇಲೆ ಹುಡುಗರೆದುರಿಗೇ ತನ್ನ ಪ್ರೋಗ್ರಾಮನ್ನು ತೆರೆದ. ಆರೇಳು ಸಾಲು, ಅಷ್ಟೇ. ಮೊದಲನೆಯ ಹೆಸರನ್ನು ತೆಗೆದುಕೋ, ಅದಕ್ಕಿಂತ ಮುಂಚೆ ಬರುವವರನ್ನು ಒಂದು ಗುಂಪಿಗೆ ಹಾಕು, ಆಮೇಲೆ ಬರುವವರನ್ನು ಇನ್ನೊಂದು ಗುಂಪಿಗೆ ಹಾಕು, ಎರಡೂ ಗುಂಪಿಗೆ ಅದೇ ಕೆಲಸ ಮಾಡು, ಮೂರನ್ನೂ ಕೂಡಿಸು. ಒಂದು ಗುಂಡಿ ಒತ್ತಿದ. ಕಣ್ಣು ಮಿಟುಕಿಸುವುದರೊಳಗೆ ಮೂರು ತಾಲೂಕಿನ ಜನ ಊರೂರಿನಂತೆ ಸಾಲಾಗಿ ನಿಂತರು. ಹುಡುಗರು ಚಪ್ಪಾಳೆ ಹೊಡೆದರು. ಹಿಂದಿನ ಬೆಂಚಿನಲ್ಲಿ ಯಾರೋ ಫೋಟೊ ತೆಗೆದು ಕಾಲೇಜಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಪ್ರಿನ್ಸಿಪಾಲರು ಹೂಗುಚ್ಛದ ಚಿತ್ರ ಕಳಿಸಿದರು.

ಮೊದಲು ಎಷ್ಟು ಹೆಸರಿದ್ದವು, ಆಮೇಲೆ ಎಷ್ಟು ಉಳಿದವು ಎಂದು ಮಾತ್ರ ಅವನು ಎಣಿಸಿ ನೋಡಲಿಲ್ಲ.

ಮಳೆಗಾಲಕ್ಕೆ ಮುಂಚೆ ಆಪರೇಶನ್‌ಗಳೆಲ್ಲ ಮುಗಿದವು. ಸಂಘದ ಸಮಾರಂಭದಲ್ಲಿ ದಿವಾಕರನಿಗೂ ಒಂದು ಶಾಲು ಹೊದಿಸಿದರು.

ಚೌತಿ ರಜೆ ಮುಗಿದು ಕಾಲೇಜು ಮತ್ತೆ ಶುರುವಾದ ಮೇಲಿನ ಮಾತು. ಹೊಸ ವರ್ಷದ ಹುಡುಗರಿಗೆ ಅದೇ ಪಾಠ ನಡೆದಿತ್ತು. ಲ್ಯಾಬಿನಲ್ಲಿ ಎಲ್ಲರೂ ಪ್ರೋಗ್ರಾಮು ಬರೆದು ರೋಲ್ ನಂಬರು ಕೊಟ್ಟು ಪರೀಕ್ಷಿಸುತ್ತಿದ್ದರು. ಭಟ್ಕಳದ ತೆಂಗಿನಗುಂಡಿಯಿಂದ ದಿನಾ ಬರುವ ಅರ್ಚಿತಾ ಎಂಬ ಹುಡುಗಿಗೆ ಅದು ಬೇಸರ ಬಂದಿರಬೇಕು. ರೋಲ್ ನಂಬರಿನ ಬದಲು ಕಿರುಪರೀಕ್ಷೆಯ ಅಂಕಗಳನ್ನು ಕೊಟ್ಟಳು.

“ಸರ್, ಇಲ್ಲಿ ಬನ್ನಿ. ನಂಗೂ ನಾಗಂಗೂ ಒಂದೇ ಮಾರ್ಕ್ಸು. ಅವ ಅದಾನೆ, ನಾನೇ ಇಲ್ಲ!”

ಪಕ್ಕದ ನಾಗ, “ಅವ್ಳ ಪೇಪರ್ ನಾ ತಿಂದೆ ಸರ್” ಎಂದ. ಎಲ್ಲರೂ ನಕ್ಕರು.

“ಟೈಪು ಮಾಡುವಾಗ ಬಿಟ್ಟಿರ್ತೀ, ನೋಡು” ಎನ್ನುತ್ತ ದಿವಾಕರ ಅವಳ ಪರದೆಯ ಮೇಲೆ ಬಾಗಿದ. ಅವಳು ಬಿಟ್ಟಿರಲಿಲ್ಲ. ಮೇಲಿನ ಸಾಲಿನಲ್ಲಿ ಇಬ್ಬರೂ ಇದ್ದರು, ಕೆಳಗೆ ಬರುವಷ್ಟರಲ್ಲಿ ನಾಗ ಒಬ್ಬನೇ. ಪ್ರೋಗ್ರಾಮು ಲ್ಯಾಬಿನ ಬೋರ್ಡಿನ ಮೇಲೆ ಅವನೇ ಬರೆದುಕೊಟ್ಟದ್ದು, ಒಂದಕ್ಷರವೂ ಬೇರೆಯಿಲ್ಲ. ಅವನು ಆ ಸಾಲುಗಳನ್ನು ಮತ್ತೆ ಓದಿದ. ಚಿಕ್ಕದು ಒಂದು ಗುಂಪಿಗೆ. ದೊಡ್ಡದು ಇನ್ನೊಂದು ಗುಂಪಿಗೆ. ಸರಿ, ಸಮನಾಗಿ ಇರುವವರು? ಅವರಿಗೆ ಎಲ್ಲಿಯೂ ಜಾಗ ಹೇಳಿರಲಿಲ್ಲ. ನಾಗನ ಅಂಕವನ್ನು ಹಿಡಿದು ನಿಂತು ಉಳಿದವರನ್ನು ಒಡೆಯುವಾಗ ಅರ್ಚಿತಾ ಚಿಕ್ಕವಳೂ ಅಲ್ಲ ದೊಡ್ಡವಳೂ ಅಲ್ಲ. ಹೀಗಾಗಿ ಅವಳನ್ನು ಯಾರೂ ಎತ್ತಿಕೊಳ್ಳಲಿಲ್ಲ.

ರೋಲ್ ನಂಬರು ಒಬ್ಬರದ್ದಿದ್ದಂತೆ ಇನ್ನೊಬ್ಬರದ್ದಿರುವುದಿಲ್ಲ. ಅದಕ್ಕೇ ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

“ಒಂದು ಸಮ ಚಿಹ್ನೆ ಸೇರಿಸ್ಬೇಕು, ನೋಡು. ಚಿಕ್ಕದು ಅಥವಾ ಸಮ. ಶಾಬಾಸ್, ಒಳ್ಳೇದು ಹಿಡಿದೆ” ಎಂದು ಅವನೇ ಕೀ ಒತ್ತಿ ತಿದ್ದಿದ. ಅರ್ಚಿತಾ ಪಟ್ಟಿಗೆ ಮರಳಿದಳು, ನಾಗನ ಪಕ್ಕದಲ್ಲೇ. ಆಗ ದಿವಾಕರನಿಗೆ ನೆನಪಾದದ್ದು ಕಣ್ಣಿನ ತಪಾಸಣೆ ನಡೆದ ಹಳ್ಳಿಗಳ ಜನರ ಹೆಸರು. ಒಂದೇ ಕೇರಿಯಲ್ಲಿ ನಾಲ್ಕು ಮನೆಗೆ ಒಬ್ಬ ತಿಮ್ಮಪ್ಪ ಇರುವ ಊರುಗಳು ಅವು.

ಮಧ್ಯಾಹ್ನ ಊಟದ ಡಬ್ಬಿ ತೆರೆಯದೆ ಸ್ಟಾಫ್ ರೂಮಿನಲ್ಲಿ ಹಳೆಯ ಕಡತಗಳನ್ನು ತೆಗೆದ. ಲೋಕೇಶ ಕಳಿಸಿದ್ದನ್ನೂ ತಾನು ಮಾಡಿಕೊಟ್ಟದ್ದನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡಿದ. ಕೆಲವರು ಕಾಣೆಯಾಗಿದ್ದರು. ಹೆಚ್ಚಿಲ್ಲ, ಕೈಬೆರಳಲ್ಲಿ ಎಣಿಸುವಷ್ಟು. ಅದರಲ್ಲಿ ಕೆಲವರ ಹೆಸರು ಟೈಪು ಮಾಡುವವರು ತಪ್ಪಿ ಎರಡು ಸಲ ಹೊಡೆದದ್ದಿರಬೇಕು, ಫೋನ್ ನಂಬರೂ ಒಂದೇ ಇತ್ತು. ಉಳಿದವರಲ್ಲಿ ಫೋನಿಗೆ ಸಿಕ್ಕ ಭಟ್ಕಳದ ಒಬ್ಬರು ತಾವೇ ಹೋಗಿ ಬೇರೆ ಕಡೆ ಆಪರೇಶನ್ ಮಾಡಿಸಿಕೊಂಡಿದ್ದರು. ಮಂಕಿಯ ಒಬ್ಬರು ಹೆದರಿ ತಾವಾಗಿಯೇ ಬೇಡವೆಂದಿದ್ದರಂತೆ. ದಿವಾಕರನಿಗೆ ಉಸಿರು ಬಂದಂತಾಯಿತು.

ಒಬ್ಬಳು ಉಳಿದಳು. ಸಣ್ಣಿ ತಿಮ್ಮಪ್ಪ ಗೌಡ, ಕತಗಾಲ. ಅದೇ ಊರು, ಅದೇ ಹೆಸರು, ಗಂಡನ ಹೆಸರೂ ಅದೇ ಇದ್ದ ಇನ್ನೊಬ್ಬಳು ಪಟ್ಟಿಯಲ್ಲಿದ್ದಳು. ಇವಳ ಹೆಸರಿನ ಮುಂದೆ ಕೊಟ್ಟ ಫೋನು ಬಂದ್ ಆಗಿತ್ತು. ಡಾಕ್ಟರ ಟಿಪ್ಪಣಿಯ ಜಾಗದಲ್ಲಿ ‘ಎರಡೂ ಕಣ್ಣು, ಬೇಗ’ ಎಂದಿತ್ತು.

ಸಂಜೆ ಬಸ್ಸು ಹತ್ತಿ ಕುಮಟೆಗೆ ಹೋಗಿ ಲೋಕೇಶನಿಗೆ ಎಲ್ಲವನ್ನೂ ಹೇಳಿದ. ಲೋಕೇಶ ಝೆರಾಕ್ಸ್ ಯಂತ್ರ ನಿಲ್ಲಿಸಿ, ಗಿರಾಕಿ ಹೋಗುವ ತನಕ ಕಾದು, ದನಿ ತಗ್ಗಿಸಿದ.

“ಆಗಿದ್ದು ಆತು ಸರ್. ಈಗ ಹೋಗಿ ಹೇಳಿದ್ರೆ ಸಂಘದ ಹೆಸರು ಹಾಳು, ನಿಮ್ಮದೂ ಹಾಳು. ದೀಪಾವಳಿ ಆದ್ಮೇಲೆ ಮತ್ತೆ ಕ್ಯಾಂಪ್ ಅದೆ. ಅದ್ರಲ್ಲಿ ಮೊದಲ ಹೆಸರೇ ಅವ್ರದ್ದು ಹಾಕುವ. ಯಾರಿಗೂ ಎಂತದೂ ಗೊತ್ತಾಗೂದಿಲ್ಲ.”

“ಬೇಗ ಅಂತ ಬರ್ದಿದ್ದಾರೆ ಲೋಕೇಶಾ.”

“ಎಲ್ರಿಗೂ ಹಂಗೇ ಬರೀತಾರೆ ಸರ್. ಪೊರೆ ಅಲ್ವಾ? ಒಂದೆರಡು ತಿಂಗಳಲ್ಲಿ ಎಂತ ಆಗ್ತದೆ?”

ಈ ಮಾತು ಕೇಳಬೇಕೆಂದೇ ತಾನು ಅಲ್ಲಿಯವರೆಗೆ ಹೋಗಿದ್ದೆನೋ ಏನೋ ಎಂದು ದಿವಾಕರನಿಗೆ ಆಮೇಲೆ ಎಷ್ಟೋ ಸಲ ಅನಿಸಿತು. ಆಗ ಮಾತ್ರ ತಲೆಯಾಡಿಸಿ, ಚಹಾ ಕುಡಿದು, ಹೊನ್ನಾವರದ ಬಸ್ಸು ಹತ್ತಿದ. ಕತಗಾಲಕ್ಕೆ ಹೋಗುವ ಶಿರಸಿ ಬಸ್ಸು ಅದೇ ನಿಲ್ದಾಣದಲ್ಲಿ ಪಕ್ಕದಲ್ಲೇ ನಿಂತು ಜನ ತುಂಬಿಸಿಕೊಳ್ಳುತ್ತಿತ್ತು. ಅವನು ಆ ಕಡೆ ನೋಡಲಿಲ್ಲ.

ನಡುವೆ ಸೆಮಿಸ್ಟರ್ ಪರೀಕ್ಷೆ ಬಂತು, ಮೌಲ್ಯಮಾಪನ ಬಂತು, ನವರಾತ್ರಿ ಬಂತು. ಪ್ರತಿಯೊಂದೂ ಹೋಗದಿರುವುದಕ್ಕೆ ಒಂದೊಂದು ನೆಪವಾಗಿ ಒದಗಿತು. ಆದರೂ ಬಸ್ಸಿನಲ್ಲಿ ಕೋಲೂರಿ ಹತ್ತುವ ಮುದುಕಿಯರನ್ನು ಕಂಡರೆ ಅವನ ಕಣ್ಣು ತಾನಾಗಿ ಕಿಟಕಿಗೆ ತಿರುಗುತ್ತಿತ್ತು. ಶಾಲನ್ನು ಹೇಮಾ ಇಸ್ತ್ರಿ ಮಾಡಿ ಕಪಾಟಿನಲ್ಲಿಟ್ಟಾಗ, “ಅದನ್ನ ಯಾರಿಗಾದ್ರೂ ಕೊಟ್ಬಿಡು” ಎಂದು ಸಿಡುಕಿದ.

“ಎಂತ ಆಗಿದೆ ನಿಮಗೆ? ಚೌತಿ ಆದಾಗಿಂದ ನೋಡ್ತಾ ಇದ್ದೆ. ಅನ್ನದ ಮುಂದೆ ಕೂತ್ರೂ ಬೇರೆಲ್ಲೋ ಇರ್ತೀರಿ” ಎಂದಳು ಹೇಮಾ.

ಅವನು ಹೇಳಿದ. ಮೊದಲಿಂದ ಕೊನೆಯವರೆಗೆ. ಮುಗಿದ ಮೇಲೆ ಹೇಮಾ ಒಂದೇ ಮಾತು ಕೇಳಿದಳು.

“ಆ ಅಜ್ಜಿ ಮನೆ ಎಲ್ಲಿ?”

ದೀಪಾವಳಿಗೆ ಇನ್ನೂ ವಾರವಿರುವಾಗ, ಒಂದು ಭಾನುವಾರ ಬೆಳಿಗ್ಗೆ ಅವನು ಕತಗಾಲದಲ್ಲಿ ಇಳಿದ. ರಸ್ತೆ ಬದಿಯ ಅಂಗಡಿಯಲ್ಲಿ ಸಣ್ಣಿ ತಿಮ್ಮಪ್ಪ ಗೌಡರ ಮನೆ ಯಾವುದೆಂದು ಕೇಳಿದರೆ, ಅಂಗಡಿಯವನು, “ಯಾವ ಸಣ್ಣಿ? ಹೊಳೆಬದಿ ಸಣ್ಣಿಯಾ, ದಿಬ್ಬದ ಸಣ್ಣಿಯಾ?” ಎಂದ.

“ಆಪರೇಶನ್ ಆಗದೇ ಇದ್ದವರು.”

“ಹಾಗಾದ್ರೆ ದಿಬ್ಬದವ್ಳು. ಹೋಗಿ. ಹೊಳೆಬದಿಯವ್ಳ ಹೆಸರು ಮಾತ್ರ ಅಲ್ಲಿ ತೆಗೀಬೇಡಿ ಮತ್ತೆ” ಎಂದು ಅವನು ನಕ್ಕ. “ಮೊದಲು ಇಬ್ರೂ ಒಂದು ಜೀವ. ಮದುವೆ ಮನೆಯಲ್ಲಿ ಇವ್ಳು ಹಾಡಿನ ಒಂದು ಸಾಲು ಹೇಳಿದ್ರೆ ಅವ್ಳು ಹಿಡೀತಿದ್ಳು. ಈಗ ಮಾತಿಲ್ಲ ಕತೆಯಿಲ್ಲ.”

ಗದ್ದೆಯ ಬದುವಿನ ಮೇಲೆ ನಡೆದು, ಸ್ವಲ್ಪ ಏರಿ, ಅವನು ಮನೆ ಮುಟ್ಟಿದ. ಕೊಯ್ಲಿಗೆ ಬಂದ ಭತ್ತ ಕೆಳಗೆ ಹಳದಿಯಾಗಿ ಹರಡಿತ್ತು. ಅಂಗಳದ ತುದಿಯಲ್ಲಿ ಬಸಳೆ ಚಪ್ಪರ. ಕೊರಳ ತುಂಬ ಕರಿಮಣಿ ಹಾಕಿದ ಮುದುಕಿಯೊಬ್ಬಳು ಜಗುಲಿಯಲ್ಲಿ ಕೂತು ಹರಿವೆ ಸೊಪ್ಪನ್ನು ಕೈಯಿಂದ ಮುಟ್ಟಿ ಮುಟ್ಟಿ ನೋಡಿ ಕಟ್ಟು ಕಟ್ಟುತ್ತಿದ್ದಳು. ಎಡಗಣ್ಣಿನ ಮೇಲೆ ಸೀರೆಯ ಸೆರಗು ಇಳಿಬಿದ್ದಿತ್ತು.

“ಯಾರು ಬಂದದ್ದು?”

“ನಾನು ಹೊನ್ನಾವರದಿಂದ ಬಂದೆ ಅಮಾ. ಕಾಲೇಜಿನಲ್ಲಿ ಮಾಸ್ತರ. ಕಣ್ಣಿನ ಕ್ಯಾಂಪಿನ ವಿಷಯಕ್ಕೆ.”

ಸಣ್ಣಿಯ ಕೈ ನಿಂತಿತು. ಒಳಗಿಂದ ಸೊಸೆ ಗಂಗಿ ಬಂದು ಮಣೆ ಹಾಕಿ, ನೀರು ತಂದಿಟ್ಟಳು.

“ಈಗ ಬಂದ್ರಾ?” ಎಂದಳು ಸಣ್ಣಿ. ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕಿಂತ ತಣ್ಣಗಿನದ್ದೇನೋ ಇತ್ತು. “ಜೀಪು ಬಂದ ದಿನ ನಾನು ಬೆಳಗಾಗೂಕೂ ಮುಂಚೆ ಎದ್ದು ಮಿಂದು ಕೂತಿದ್ದೆ ತಮ್ಮಾ. ಸಣ್ಣಿ ತಿಮ್ಮಪ್ಪ ಗೌಡ ಅಂತ ಕೂಗಿದ್ರು. ನಾನೂ ಎದ್ದೆ, ಅವ್ಳೂ ಎದ್ಳು. ಒಂದೇ ಹೆಸರು ಅದೆ, ಒಬ್ರೇ ಬನ್ನಿ ಅಂದ್ರು. ಅವ್ಳಿಗೆ ಕಣ್ಣು ಅಲ್ಪ ಸ್ವಲ್ಪ ಕಾಣ್ತಿತ್ತು, ಬೀಸಾಗಿ ಹೋಗಿ ಹತ್ತಿ ಕೂತ್ಳು. ನಾನು ತಡವರಿಸ್ತಾ ಹೋಗೂದ್ರೊಳಗೆ ಜೀಪು ಹೊರಟೇ ಹೋತು. ನನ್ನ ಸರದಿ ಕದ್ದು ಕಣ್ಣು ಮಾಡಿಸ್ಕಂಡು ಬಂದ್ಳು.”

“ಅತ್ತೇರೇ, ಅದು ಹಾಗಲ್ಲ ಅಂತ ಎಷ್ಟು ಸಲ ಹೇಳೂದು” ಎಂದಳು ಗಂಗಿ. “ಅವ್ರ ಹೆಸರೂ ಇತ್ತು. ಬಂದ್ಮೇಲೆ ಪಾಪ, ಇವ್ರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತೆ ಅಂತ ಬಂದಿದ್ರು. ಇವ್ರೇ ಬಾಗಿಲು ಹಾಕ್ದ್ರು.”

ದಿವಾಕರ ನೀರಿನ ಲೋಟ ಕೆಳಗಿಟ್ಟ. ಬರುವಾಗ ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಅವೆಲ್ಲ ಎಲ್ಲಿ ಹೋದವೋ.

“ಅವ್ರು ಕದೀಲಿಲ್ಲ ಅಮಾ. ಪಟ್ಟಿಯಲ್ಲಿ ನಿಮ್ಮಿಬ್ರ ಹೆಸರೂ ಇತ್ತು. ಅದನ್ನ ಊರಿನ ಪ್ರಕಾರ ಜೋಡ್ಸೂಕೆ ಕಂಪ್ಯೂಟರಿಗೆ ಕೊಟ್ಟಾಗ, ಇಬ್ರದ್ದೂ ಒಂದೇ ಹೆಸರು ಆದ ಕಾರಣ ಅದು ಒಬ್ರನ್ನ ಕೈಬಿಟ್ಟಿತು.”

ಸಣ್ಣಿ ಅವನ ದನಿ ಬಂದ ಕಡೆಗೆ ಮುಖ ಮಾಡಿದಳು. “ಮಶೀನಿಗೆ ನಾವಿಬ್ರು ಬೇರೆ ಬೇರೆ ಅಂತ ಗೊತ್ತಿಲ್ವಾ?”

“ಅದಕ್ಕೆ ಹೇಳಿಕೊಡ್ಬೇಕು.”

“ಯಾರು ಹೇಳಿಕೊಡೂದು?”

“ನಾನು” ಎಂದ ದಿವಾಕರ. “ನಾನೇ ಬರೆದದ್ದು ಅದು. ನಾನು ಹೇಳಿಕೊಡ್ಲಿಲ್ಲ.”

ಗಂಗಿ ಬಾಗಿಲಿಗೆ ಒರಗಿ ನಿಂತು ಅವನನ್ನೇ ನೋಡುತ್ತಿದ್ದಳು. ಸಣ್ಣಿ ಸೊಪ್ಪಿನ ಕಟ್ಟನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು.

“ಹಾಗಾದ್ರೆ ಇಷ್ಟು ದಿನ ನಾನು ಅವ್ಳಿಗೆ ಬೈದದ್ದೆಲ್ಲ...” ಎಂದು ನಿಲ್ಲಿಸಿದಳು.

ದಿವಾಕರ ಆಸ್ಪತ್ರೆಗೆ ಹೋಗೋಣ ಎಂದ. ಕ್ಯಾಂಪಿನವರೆಗೆ ಕಾಯುವುದು ಬೇಡ, ನಾಳೆಯೇ ಕುಮಟೆಯ ಕಣ್ಣಿನ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋಗುತ್ತೇನೆ ಎಂದ. ಗಂಗಿ ಆಗ ಮೆಲ್ಲಗೆ ಹೇಳಿದಳು: “ಎಡಗಣ್ಣು ಹಾಳಾಗಿದೆ ಕಾಣ್ತದೆ ಮಾಸ್ತರ್ರೇ. ನವರಾತ್ರಿಯಲ್ಲಿ ಕೆಂಪಾಗಿ ಊದಿತ್ತು. ತಲೆ ಒಡೆದು ಹೋಗ್ತದೆ ಅಂತ ಹೊರಳಾಡಿದ್ರು, ವಾಂತಿ ಬೇರೆ. ತಲೆನೋವಿನ ಗುಳಿಗೆ ಕೊಟ್ಟೆವು, ಔಷಧಿ ಸೊಪ್ಪು ಅರೆದು ಹಚ್ಚಿದೆವು. ನೋವು ಇಳೀತು. ಆದ್ರೆ ಆ ಕಣ್ಣಿಗೆ ಈಗ ಬೆಳಕೂ ಗೊತ್ತಾಗೂದಿಲ್ಲ ಅಂತಾರೆ.”

“ನವರಾತ್ರಿಯಲ್ಲಿ?” ಎಂದು ದಿವಾಕರ ಮತ್ತೆ ಕೇಳಿದ.

“ಹೌದು. ಶುರುವಿನಲ್ಲೇ.”

ಲ್ಯಾಬಿನಲ್ಲಿ ಅರ್ಚಿತಾ ಕರೆದದ್ದು ನವರಾತ್ರಿಗೆ ಎಷ್ಟೋ ಮುಂಚೆ. ಲೋಕೇಶನ ಅಂಗಡಿಯಲ್ಲಿ ಚಹಾ ಕುಡಿದದ್ದೂ ಮುಂಚೆ. ದಿವಾಕರ ಮಣೆಯ ಮೇಲೆ ಕೂತಲ್ಲೇ ಕೂತ.

ಅಷ್ಟರಲ್ಲಿ ಸಣ್ಣಿ ಗೋಡೆ ಹಿಡಿದು ಎದ್ದು ನಿಂತಿದ್ದಳು. “ಆಸ್ಪತ್ರೆ ನಾಳೆ ಆತು. ಮೊದಲು ನನ್ನ ಅವ್ಳ ಮನೆಗೆ ಕರ್ಕೊಂಡು ಹೋಗು. ನಂಗೆ ಹೇಳಿದ್ದನ್ನೇ ಅವ್ಳ ಮುಂದೂ ಹೇಳು.”

ಹೋದರು. ಮುಂದೆ ಗಂಗಿ, ನಡುವೆ ಸಣ್ಣಿ, ಹಿಂದೆ ದಿವಾಕರ. ಬದು ಕಿರಿದಾಗಿದ್ದಲ್ಲಿ ಅವನು ಅವಳ ಮೊಣಕೈ ಹಿಡಿದುಕೊಂಡ. ಹೊಳೆಬದಿಯ ಮನೆಯ ಅಂಗಳದಲ್ಲಿ ಇನ್ನೊಬ್ಬ ಸಣ್ಣಿ ಮೆಣಸಿನಕಾಯಿ ಹರವುತ್ತಿದ್ದವಳು ತಲೆಯೆತ್ತಿ ನೋಡಿದಳು. ಸ್ಪಷ್ಟವಾಗಿಯೇ ನೋಡಿದಳು, ಅವಳ ಕಣ್ಣಿನ ಆಪರೇಶನ್ ಚೆನ್ನಾಗಿ ಆಗಿತ್ತು. ಬಂದವರು ಯಾರೆಂದು ತಿಳಿದದ್ದೇ ಮುಖ ತಿರುಗಿಸಿದಳು.

ದಿವಾಕರ ಮತ್ತೊಮ್ಮೆ ಎಲ್ಲವನ್ನೂ ಹೇಳಿದ. ಎರಡನೆಯ ಸಲಕ್ಕೆ ಅದು ಸುಲಭವಾಗಲಿಲ್ಲ. ಹೊಳೆಬದಿ ಸಣ್ಣಿ ಕೊನೆಯವರೆಗೂ ಮೆಣಸಿನಕಾಯಿ ಹರವುತ್ತಲೇ ಇದ್ದಳು.

“ಕಳ್ಳಿ ಅಂದೆ ನೀನು ನನ್ನ. ಮದುವೆ ಮನೆಯಲ್ಲಿ, ನಾಲ್ಕು ಜನ್ರ ಮುಂದೆ” ಎಂದಳು ಕೊನೆಗೆ.

“ಅಂದೆ” ಎಂದಳು ದಿಬ್ಬದ ಸಣ್ಣಿ.

“ಕಣ್ಣು ಬಂದ ದಿನ ನಿನ್ನ ಮುಖ ನೋಡೂಕೆ ಅಂತ ಓಡಿ ಬಂದೆ. ಬಾಗಿಲು ಹಾಕ್ದೆ.”

“ಹಾಕ್ದೆ.”

ಮೆಣಸಿನ ಘಾಟಿಗೋ ಏನೋ ಹೊಳೆಬದಿ ಸಣ್ಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ದಿವಾಕರನ ಕಡೆ ಕೈ ತೋರಿಸಿ, “ಈ ಮಾಸ್ತರ್ರು ಕಲಿತವರಲ್ವಾ? ಇವ್ರು ಮೊದಲೇ ಬಂದು ಹೇಳೂಕೆ ಆಗ್ತಿರ್ಲಿಲ್ವಾ?” ಎಂದಳು.

ದಿವಾಕರ ಬಾಯಿ ತೆರೆದ. ದಿಬ್ಬದ ಸಣ್ಣಿಯೇ ಅಡ್ಡ ಬಂದಳು. “ಅವ್ರಿಗೆ ಗೊತ್ತಿದ್ರಲ್ವಾ ಬರೂದು? ಗೊತ್ತಾದ ಕೂಡ್ಲೇ ಬಂದಿದ್ದಾರೆ. ಪಾಪ, ಅಷ್ಟು ದೂರದಿಂದ.”

ಅವನು ತೆರೆದ ಬಾಯಿ ಮುಚ್ಚಿದ.

ಮರುದಿನ ಕುಮಟೆಯ ಡಾಕ್ಟರು ಎಡಗಣ್ಣಿಗೆ ಬೆಳಕು ಬಿಟ್ಟು ನೋಡಿ, ಒತ್ತಡ ಅಳೆದು, ತಲೆಯಾಡಿಸಿದರು. ಪೊರೆ ಬಲಿತು ಊದಿಕೊಂಡು ಒಳಗಿನ ಒತ್ತಡ ಏರಿ ನರ ಸತ್ತಿದೆ ಎಂದರು. ಇನ್ನು ಅದಕ್ಕೆ ಏನೂ ಮಾಡುವಂತಿಲ್ಲ. ಬಲಗಣ್ಣು ಉಳಿಯುತ್ತದೆ, ತಡ ಮಾಡಬಾರದು.

“ನವರಾತ್ರಿಗಿಂತ ಮುಂಚೆ ಕರ್ಕೊಂಡು ಬಂದಿದ್ದರೆ?” ಎಂದು ದಿವಾಕರ ಕೇಳಿದ. ಉತ್ತರ ಗೊತ್ತಿದ್ದೂ ಕೇಳಿದ.

“ಎರಡೂ ಉಳೀತಿತ್ತು” ಎಂದರು ಡಾಕ್ಟರು. ಅವನು ಯಾರೆಂದು ಗೊತ್ತಿಲ್ಲದೆ ಮಗನೆಂದುಕೊಂಡು, “ವಯಸ್ಸಾದವರನ್ನ ಸ್ವಲ್ಪ ಗಮನ ಇಟ್ಟು ನೋಡ್ಕೊಬೇಕು” ಎಂದೂ ಸೇರಿಸಿದರು.

ಬಲಗಣ್ಣಿನ ಆಪರೇಶನ್ ಅದೇ ವಾರ ಆಯಿತು. ಕಣ್ಣಿಗೆ ಕಟ್ಟಿದ ಪಟ್ಟಿ ಬಿಚ್ಚುವ ದಿನ ಹೊಳೆಬದಿ ಸಣ್ಣಿಯೂ ಬಂದಿದ್ದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತು ಬಂದರಂತೆ, ಆದರೆ ಹೆಚ್ಚು ಮಾತಾಡಲಿಲ್ಲವಂತೆ. ಹಾಡು ಅಂತೂ ಇನ್ನೂ ಶುರುವಾಗಿಲ್ಲ ಎಂದು ಗಂಗಿ ಹೇಳಿದಳು. ದಿವಾಕರ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಗಂಗಿ ಬಂದು ಕರೆದ ಮೇಲೆ ಒಳಗೆ ಹೋಗಿ ಎದುರು ನಿಂತ. ದಿಬ್ಬದ ಸಣ್ಣಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ನೀವಾ ಮಾಸ್ತರ್ರು? ದನಿ ಕೇಳಿ ಯಾರೋ ಸಣ್ಣ ಪ್ರಾಯದವ ಅಂದ್ಕಂಡು ತಮ್ಮಾ ತಮ್ಮಾ ಅಂತಿದ್ದೆ. ತಲೆ ಎಲ್ಲ ಬೆಳ್ಳಗಾಗಿದ್ಯಲ್ಲ!” ಎಂದು ಬಾಯಿ ತುಂಬ ನಕ್ಕಳು. ಅವನಿಗೆ ನಗಲು ಆಗಲಿಲ್ಲ.

ಕಾಲೇಜಿನಲ್ಲಿ ದಿವಾಕರ ಈಗಲೂ ಅದೇ ಪಾಠ ಮಾಡುತ್ತಾನೆ. ಆದರೆ ರೋಲ್ ನಂಬರಿನ ಬದಲು ಹೆಸರುಗಳನ್ನು ಕೊಡುತ್ತಾನೆ, ಒಂದೇ ಹೆಸರಿನವರನ್ನು ಬೇಕೆಂದೇ ಸೇರಿಸುತ್ತಾನೆ. ಪ್ರೋಗ್ರಾಮು ಓಡಿಸಿದ ಮೇಲೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಎಂದು ಎಣಿಸದೆ ಯಾರಿಗೂ ಅಂಕ ಕೊಡುವುದಿಲ್ಲ. ಯಾಕೆ ಎಂದು ಅರ್ಚಿತಾ ಕೇಳಿದಾಗ ಕತಗಾಲದ ಕತೆಯನ್ನು ತರಗತಿಗೆ ಹೇಳಿದ. ಶಾಲು ಹೊದಿಸಿಕೊಂಡದ್ದನ್ನೂ ಹೇಳಿದ. ಹುಡುಗರು ಗಂಭೀರವಾಗಿ ಕೇಳಿದರು. ಲೋಕೇಶನ ಅಂಗಡಿಯಿಂದ ಕತಗಾಲದ ಅಂಗಳದವರೆಗಿನ ದಿನಗಳನ್ನು ಮಾತ್ರ ಅಲ್ಲಿಯೂ ಹಾರಿಸಿಬಿಟ್ಟ.

“ಆ ಅಜ್ಜಿಗೆ ಹೇಳಿಬಿಡ್ಲಾ?” ಎಂದು ಒಂದು ದಿನ ಹೇಮಾಳನ್ನು ಕೇಳಿದ. “ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನೆ ಕೂತಿದ್ದೆ ಅಂತ.”

ಹೇಮಾ ಮಕ್ಕಳ ನೋಟ್ ಪುಸ್ತಕ ತಿದ್ದುತ್ತಿದ್ದಳು. ಪೆನ್ನು ಕೆಳಗಿಡಲಿಲ್ಲ. “ಹೇಳಿದ್ರೆ ನಿಮಗೆ ಹಗುರ ಆಗ್ತದೆ. ಅವ್ರಿಗೆ ಎಂತ ಆಗ್ತದೆ?”

ಹೇಳಬೇಡಿ ಎಂದೂ ಅವಳು ಅಂದಿರಲಿಲ್ಲ.

ದಿಬ್ಬದ ಸಣ್ಣಿ ಈಗ ಮೊದಲಿನಂತೆ ಕುಮಟೆಯ ಬುಧವಾರದ ಸಂತೆಗೆ ಬರುತ್ತಾಳೆ. ರಸ್ತೆಯ ಅಂಚಿಗೆ ಗೋಣಿ ಹಾಸಿ ಹರಿವೆ, ಬಸಳೆ, ಮೊಗೆಕಾಯಿ ಇಟ್ಟುಕೊಂಡು ಕೂರುತ್ತಾಳೆ. ದಿವಾಕರ ಬುಧವಾರಗಳಂದು ಕಾಲೇಜು ಬೇಗ ಮುಗಿಸಿಕೊಂಡು ಹೋಗುತ್ತಾನೆ. ಬಸ್ ನಿಲ್ದಾಣದ ಕಡೆಯಿಂದ ನಡೆದು ಬಂದರೆ ಮೊದಲು ಸಿಗುವುದು ಅವಳ ಎಡಬದಿ. ಅಲ್ಲಿ ಕೈಯಳತೆಯ ದೂರದಲ್ಲಿ ನಿಂತರೂ ಅವಳಿಗೆ ತಿಳಿಯುವುದಿಲ್ಲ. ಅವನು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಾನೆ. ಅವಳು ಬಲಗಡೆಯ ಗಿರಾಕಿಗಳ ಜತೆ ಚೌಕಾಸಿ ಮಾಡುತ್ತ, ನಗುತ್ತ, ಸೊಪ್ಪಿಗೆ ನೀರು ಚಿಮುಕಿಸುತ್ತಿರುತ್ತಾಳೆ.

ಆಮೇಲೆ ಅವನು ಅವಳ ಹಿಂದಿನಿಂದ ಸುತ್ತು ಹಾಕಿ ಬಲಬದಿಗೆ ಬಂದು ನಿಲ್ಲುತ್ತಾನೆ.

“ಓ, ಮಾಸ್ತರ್ರು ಬಂದ್ರು!” ಎಂದು ಸಣ್ಣಿ ಪಕ್ಕದವಳಿಗೆ ತೋರಿಸುತ್ತಾಳೆ. “ನನ್ನ ಕಣ್ಣು ಮಾಡಿಸಿದವ್ರು ಇವ್ರೇ ಮಾರಾಯ್ತಿ.” ಬೇಡ ಬೇಡವೆಂದರೂ ಇನ್ನೊಂದು ಕಟ್ಟು ಹರಿವೆಯನ್ನು ಅವನ ಚೀಲಕ್ಕೆ ತುರುಕುತ್ತಾಳೆ.